ಬ್ಲೂಗ್ರಾಸ್ ಹಾಡುಗಳೆಲ್ಲ ಒಂದೇ ಥರ ಕೇಳಿಸುತ್ತಿವೆ, ಒಳ್ಳೆಯ ಕಲಾವಿದರನ್ನು ಗುರುತಿಸುವುದು ಹೇಗೆ?

ತೋಟದಮನೆ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಜಾಸ್ತಿ ಜನ ಶಾಸ್ತ್ರೀಯ ಸಂಗೀತ, ಭಾವಗೀತೆ, ಯಕ್ಷಗಾನದ ಬಗ್ಗೆ ಬರೆಯುತ್ತೀರಿ. ನನ್ನದು ಸ್ವಲ್ಪ ಬೇರೆ ಪ್ರಶ್ನೆ, ಆದರೆ ಉತ್ತರ ಗೊತ್ತಿರುವವರು ಇಲ್ಲೇ ಸಿಗಬಹುದು ಅನ್ನಿಸಿತು.

ಈ ಸಲ ಅಡಿಕೆ ಸುಲಿಯುವಾಗ ರಾತ್ರಿ ಫೋನಿನಲ್ಲಿ ಏನಾದರೂ ಹಾಡು ಹಾಕಿಕೊಳ್ಳುತ್ತಿದ್ದೆವು. ಯೂಟ್ಯೂಬ್ ಒಂದರ ಹಿಂದೆ ಒಂದು ತಾನೇ ಹಾಕುತ್ತಾ ಹೋಗಿ, ಎಲ್ಲಿಂದ ಎಲ್ಲಿಗೋ ತಿರುಗಿ, ಅಮೆರಿಕದ ಬ್ಲೂಗ್ರಾಸ್‌ಗೆ ಬಂದು ನಿಂತಿತು. ಹ್ಯಾಟು ಕೋಟು ಹಾಕಿಕೊಂಡ ಐದು ಜನ ಒಂದೇ ಮೈಕಿನ ಸುತ್ತ ನಿಂತಿದ್ದಾರೆ. ಬ್ಯಾಂಜೋ, ಮ್ಯಾಂಡೊಲಿನ್, ಪಿಟೀಲು, ಗಿಟಾರ್, ಆಳೆತ್ತರದ ಒಂದು ಬಾಸ್. ತಬಲಾ ಇಲ್ಲ, ಡ್ರಮ್ ಇಲ್ಲ. ಆದರೂ ಲಯ ಎಷ್ಟು ಗಟ್ಟಿ ಅಂದರೆ ಮೆಟ್ಟುಗತ್ತಿಯ ಮುಂದೆ ಕೂತವರೆಲ್ಲ ಅದೇ ವೇಗಕ್ಕೆ ಸುಲಿಯಲು ಶುರು ಮಾಡಿದರು.

ಅವತ್ತಿಂದ ಬಿಡದೆ ಕೇಳುತ್ತಿದ್ದೇನೆ. ಇಷ್ಟವಂತೂ ತುಂಬಾ ಆಗಿದೆ. ಆದರೆ ಒಂದು ಹಂತದಿಂದ ಮುಂದೆ ಹೋಗಲು ಆಗುತ್ತಿಲ್ಲ. ಒಂದಾದ ಮೇಲೆ ಒಂದು ಹಾಡು ಕೇಳಿದರೆ ಎಲ್ಲವೂ ಒಂದೇ ಅನ್ನಿಸುತ್ತದೆ. ಯಾರು ನಿಜವಾಗಿ ದೊಡ್ಡ ಕಲಾವಿದರು, ಯಾರು ಸುಮ್ನೆ ಕೈಚಳಕ ತೋರಿಸುವವರು ಅಂತ ಬೇರೆ ಮಾಡಲು ಬರುವುದಿಲ್ಲ. ನನ್ನ ಚಿಕ್ಕಪ್ಪನ ಮಗ "ಇದರಲ್ಲಿ ಏನಿಲ್ಲ, ಬರೀ ಸ್ಪೀಡು, ಬೇಗ ನುಡಿಸಿದವನೇ ಗೆದ್ದ" ಅನ್ನುತ್ತಾನೆ. ನನಗೆ ಹಾಗನ್ನಿಸುವುದಿಲ್ಲ, ಆದರೆ ಯಾಕೆ ಹಾಗಲ್ಲ ಅಂತ ಅವನಿಗೆ ಹೇಳುವಷ್ಟು ತಿಳಿವಳಿಕೆ ಇಲ್ಲ.

ಇನ್ನೊಂದು, ಕಂಟ್ರಿ ಮ್ಯೂಸಿಕ್ ಅಂತ ಕರೆಯುವುದಕ್ಕೂ ಇದಕ್ಕೂ ಏನು ಸಂಬಂಧ? ಯಾರಿಂದ ಶುರು ಮಾಡಲಿ? ಚಿಕ್ಕಂದಿನಲ್ಲಿ ಸ್ವಲ್ಪ ಕರ್ನಾಟಕ ಸಂಗೀತ ಕಲಿತಿದ್ದೆ, ತಾಳ ಹಾಕಲು ಬರುತ್ತದೆ. ಅದರ ಭಾಷೆಯಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ.

ಕೊಪ್ಪದ ಪಿಟೀಲು

ನಮ್ಮ ಕಡೆ ಇದನ್ನು ಕೇಳುವವರು ಇನ್ನೊಬ್ಬರು ಇದ್ದಾರೆ ಅಂತ ಗೊತ್ತಾಗಿ ಎಷ್ಟು ಖುಷಿಯಾಯಿತು ಅಂದರೆ, ಮಾರಾಯ್ರೆ, ಊಟ ಬಿಟ್ಟು ಬರೆಯುತ್ತಿದ್ದೇನೆ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಒಂದೇ. ಸೋಲೋ ನುಡಿಸುತ್ತಿರುವವನ ಮೇಲಿಂದ ಕಿವಿ ತೆಗೆಯಿರಿ. ಅದೇ ಹೊತ್ತಿಗೆ ಉಳಿದ ನಾಲ್ವರು ಏನು ಮಾಡುತ್ತಿದ್ದಾರೆ ಅಂತ ಕೇಳಿ. ಬ್ಲೂಗ್ರಾಸ್‌ನಲ್ಲಿ ಒಳ್ಳೆಯ ಕಲಾವಿದ ಗೊತ್ತಾಗುವುದು ತನ್ನ ಸರದಿ ಇಲ್ಲದಾಗ. ನೀವು ಯಕ್ಷಗಾನ ನೋಡಿ ಬೆಳೆದವರಾದರೆ ಈ ಕಿವಿ ನಿಮಗೆ ಆಗಲೇ ಇದೆ. ಭಾಗವತರು ಪದ ಎತ್ತಿಕೊಂಡಾಗ ಮದ್ದಳೆಯವರು ಎಷ್ಟು ತಗ್ಗುತ್ತಾರೆ, ಯಾವ ಅಕ್ಷರದ ಮೇಲೆ ಏಳುತ್ತಾರೆ ಅಂತ ನಾವು ಯಾರೂ ಹೇಳಿಕೊಡದೆ ಗಮನಿಸುತ್ತೇವೆ ಅಲ್ವಾ, ಇಲ್ಲೂ ಅದನ್ನೇ ಮಾಡಬೇಕು.

ಮ್ಯಾಂಡೊಲಿನ್‌ನಿಂದ ಶುರು ಮಾಡಿ. ಬೇರೆಯವರು ಹಾಡುವಾಗ ಮ್ಯಾಂಡೊಲಿನ್‌ನವನು ಸ್ವರ ನುಡಿಸುವುದಿಲ್ಲ. ತಂತಿಗಳನ್ನು ಒಟ್ಟಿಗೆ ಒಂದು ಏಟು ಹೊಡೆದು, ಹೊಡೆದ ಕೂಡಲೇ ಎಡಗೈ ಬೆರಳುಗಳ ಒತ್ತು ಬಿಡುತ್ತಾನೆ. ಬೆರಳು ತಂತಿ ಬಿಟ್ಟು ಮೇಲೆ ಏಳುವುದಿಲ್ಲ, ಒತ್ತು ಮಾತ್ರ ಸಡಿಲವಾಗುತ್ತದೆ. ನಾದ ಅಲ್ಲೇ ನಿಂತು "ಚಕ್" ಅನ್ನುವ ಒಣ ಶಬ್ದ ಬರುತ್ತದೆ. ನಾಲ್ಕು ಏಟಿನ ತಾಳದಲ್ಲಿ ಬಾಸ್ 1 ಮತ್ತು 3ಕ್ಕೆ ಬಿದ್ದರೆ ಈ ಚಕ್ 2 ಮತ್ತು 4ಕ್ಕೆ ಬೀಳುತ್ತದೆ. ಡ್ರಮ್ ಇಲ್ಲದೆ ಲಯ ಗಟ್ಟಿ ಇತ್ತು ಅಂದಿರಲ್ಲ, ಅದು ಇಲ್ಲಿಂದ ಬಂದದ್ದು. ಈ ಚಕ್ ಒಂದು ಕೂದಲೆಳೆ ಮುಂದೆ ಹೋದರೆ ಹಾಡು ಓಡುತ್ತದೆ, ಹಿಂದೆ ಬಿದ್ದರೆ ಹಾಡು ಎಳೆಯುತ್ತದೆ. ಬಿಲ್ ಮನ್ರೋ ಅವರ ಹಳೆಯ ರೆಕಾರ್ಡಿಂಗ್‌ಗಳಲ್ಲಿ ಇದನ್ನು ಕೇಳಿ. ಕೆಂಟಕಿಯ ರೋಸೀನ್ ಅನ್ನುವ ಸಣ್ಣ ಊರಿನಲ್ಲಿ 1911ರಲ್ಲಿ ಹುಟ್ಟಿದವರು, 1939ರಲ್ಲಿ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ರೇಡಿಯೋ ಕಾರ್ಯಕ್ರಮಕ್ಕೆ ಸೇರಿದವರು. ಈ ಸಂಗೀತಕ್ಕೆ ಹೆಸರು ಬಂದದ್ದೇ ಅವರ ಬ್ಲೂ ಗ್ರಾಸ್ ಬಾಯ್ಸ್ ತಂಡದಿಂದ. ಅವರ ಮ್ಯಾಂಡೊಲಿನ್ 1923ರ ಗಿಬ್ಸನ್ ಎಫ್-5, ಫ್ಲೋರಿಡಾದ ಒಂದು ಕ್ಷೌರದಂಗಡಿಯಲ್ಲಿ ಮಾರಾಟಕ್ಕೆ ಇಟ್ಟದ್ದನ್ನು ನೋಡಿ ಕೊಂಡದ್ದು. 1985ರಲ್ಲಿ ಯಾರೋ ಮನೆಗೆ ನುಗ್ಗಿ ಅದನ್ನು ಕುಟ್ಟಿ ಪುಡಿ ಮಾಡಿದರು. ಗಿಬ್ಸನ್‌ನವರು ಚೂರುಗಳನ್ನೆಲ್ಲ ಕೂಡಿಸಿ ಅಂಟಿಸಿ ಕೊಟ್ಟ ಮೇಲೆ ಮತ್ತೆ ಅದನ್ನೇ ನುಡಿಸಿದರು. ಇದನ್ನು ನೆನೆಸಿಕೊಂಡರೆ ಈಗಲೂ ನನಗೆ ಗಂಟಲು ಕಟ್ಟುತ್ತದೆ.

ಈಗ ಬ್ಯಾಂಜೋ. ತಾಳ ಗೊತ್ತು ಅಂದಿರಿ, ಹಾಗಾದರೆ ನಿಮಗೆ ಇದು ಸುಲಭ. ಅರ್ಲ್ ಸ್ಕ್ರಗ್ಸ್ 1945ರ ಡಿಸೆಂಬರ್‌ನಲ್ಲಿ ಮನ್ರೋ ತಂಡ ಸೇರಿದರು, ಆಗ ಅವರಿಗೆ ಇನ್ನೂ 21 ವರ್ಷ. ಮೂರು ಬೆರಳಿನಲ್ಲಿ ಬ್ಯಾಂಜೋ ನುಡಿಸುವ ಪದ್ಧತಿ ಅವರ ಉತ್ತರ ಕೆರೊಲಿನಾದಲ್ಲಿ ಮೊದಲೇ ಇತ್ತು, ಅದನ್ನು ಹರಿಯುವ ಹಾಗೆ ಮಾಡಿದ್ದು ಇವರು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಮೂರಕ್ಕೂ ಪಿಕ್, ಅಂದರೆ ತಂತಿ ಮೀಟುವ ಉಗುರು, ಹಾಕಿಕೊಂಡು ಎಂಟು ಸ್ವರಗಳ ಒಂದು ಸುತ್ತು ಹೊಡೆಯುತ್ತಾರೆ. ಆದರೆ ಆ ಎಂಟು, ನಾಲ್ಕು ನಾಲ್ಕಾಗಿ ಒಡೆಯುವುದಿಲ್ಲ. ಮೂರು, ಮೂರು, ಎರಡು. ಕೈಯಲ್ಲಿ ಆದಿತಾಳ ಹಾಕುತ್ತಾ ಬಾಯಲ್ಲಿ "ತಕಿಟ ತಕಿಟ ತಕ" ಹೇಳಿ ನೋಡಿ. ಅದೇ ಸ್ಕ್ರಗ್ಸ್ ಅವರ ಮುಖ್ಯವಾದ ಒಂದು ಸುತ್ತು. ಹೇಳುತ್ತಾ ಹಾಡು ಹಾಕಿ, ಎರಡು ನಿಮಿಷದಲ್ಲಿ ಬ್ಯಾಂಜೋ ಗಲಾಟೆ ಅನ್ನಿಸುವುದು ನಿಂತು ಹೋಗುತ್ತದೆ. ಬ್ಯಾಂಜೋದ ಐದನೇ ತಂತಿಯನ್ನೂ ಗಮನಿಸಿ. ಅದು ಉಳಿದವಕ್ಕಿಂತ ಗಿಡ್ಡ, ಅದರ ಬಿರಡೆ ತಲೆಯ ಹತ್ತಿರ ಇರುವುದಿಲ್ಲ, ಕತ್ತಿನ ಪಕ್ಕದಲ್ಲಿ ಐದನೇ ಮೆಟ್ಟಿಲ ಹತ್ತಿರ ಇರುತ್ತದೆ. ಹೆಬ್ಬೆರಳು ಅದನ್ನು ಮಧ್ಯೆ ಮಧ್ಯೆ ಮೀಟುತ್ತಲೇ ಇರುತ್ತದೆ, ಹಾಡು ಎಲ್ಲಿಗೆ ಹೋದರೂ ಅದು ಒಂದೇ ಸ್ವರ. ಶ್ರುತಿ ಹಿಡಿದು ಕೂತ ಹಾಗೆ.

ಇನ್ನು ಆ ಒಂದೇ ಮೈಕು. ಅದು ನೋಡಲು ಚೆಂದ ಅಂತ ಇಟ್ಟದ್ದಲ್ಲ. ಮೊದಲು ಒಂದೇ ಮೈಕು ಇರುತ್ತಿತ್ತು, ಆದ್ದರಿಂದ ಯಾರ ಸರದಿಯೋ ಅವರು ಮುಂದೆ ಬರಬೇಕು, ಮುಗಿದ ಕೂಡಲೇ ಹಿಂದೆ ಸರಿಯಬೇಕು. ಬಾಸ್‌ನವರು ಹಿಂದೆ ನಿಂತಿರುತ್ತಾರೆ. ಬ್ಯಾಂಜೋದವರು ಎಡಗಡೆಯಿಂದ ಬರುವಾಗ ಪಿಟೀಲಿನವರು ಕಮಾನು ಎತ್ತಿ ದಾರಿ ಬಿಡುತ್ತಾರೆ. ಸೋಲೋ ನುಡಿಸಿದವರು ಹೊರಗೆ ಹೋಗುವ ಮೊದಲೇ ಮೂವರು ಹಾಡುಗಾರರ ತಲೆಗಳು ಒಂದೆಡೆ ಸೇರಿರುತ್ತವೆ. ಒಂದು ವಾದ್ಯಕ್ಕೆ ಇನ್ನೊಂದು ತಾಗುವುದಿಲ್ಲ. ಧ್ವನಿ ಹೆಚ್ಚು ಕಡಿಮೆ ಮಾಡುವ ಎಂಜಿನಿಯರ್ ಇಲ್ಲ, ದೂರ ಹತ್ತಿರ ನಿಂತು ಅವರೇ ಅದನ್ನು ಮಾಡಿಕೊಳ್ಳುತ್ತಾರೆ. ಡೆಲ್ ಮಕ್ಕೂರಿ ಅವರ ತಂಡದ ವಿಡಿಯೋ ಹುಡುಕಿ. 1963ರಲ್ಲಿ ಮನ್ರೋ ಜೊತೆ ಹಾಡಿದವರು, ಈಗ ಮಕ್ಕಳ ಜೊತೆ ನುಡಿಸುತ್ತಾರೆ, ಮ್ಯಾಂಡೊಲಿನ್ ಒಬ್ಬ ಮಗ, ಬ್ಯಾಂಜೋ ಇನ್ನೊಬ್ಬ ಮಗ. ಶಬ್ದ ನಿಲ್ಲಿಸಿ ಬರೀ ಕಾಲುಗಳ ಓಡಾಟ ನೋಡಿದರೂ ಸಾಕು, ಈ ಜನ ಒಬ್ಬರನ್ನೊಬ್ಬರು ಎಷ್ಟು ಕೇಳಿಸಿಕೊಳ್ಳುತ್ತಾರೆ ಅಂತ ಗೊತ್ತಾಗುತ್ತದೆ.

ಹಳೇಸೇತುವೆ, ಭದ್ರಾವತಿ

ಪಿಟೀಲಿನವರು ಚೆನ್ನಾಗಿ ಬರೆದಿದ್ದಾರೆ, ಆದರೆ ಸ್ಪೀಡ್ ವಿಷಯದಲ್ಲಿ ಆ ಚಿಕ್ಕಪ್ಪನ ಮಗ ಹೇಳಿದ್ದನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕಬೇಡಿ. ಈಗ ಬರುವ ಎಷ್ಟೋ ವಿಡಿಯೋಗಳಲ್ಲಿ ನಿಜಕ್ಕೂ ಅದೇ ಆಗುತ್ತಿದೆ. ಒಬ್ಬ ಮುಗಿಸಿದ ಕೂಡಲೇ ಇನ್ನೊಬ್ಬ ಅದಕ್ಕಿಂತ ಜೋರು, ಜನ ಚಪ್ಪಾಳೆ, ಹಾಡು ಎಲ್ಲಿ ಹೋಯಿತು ಅಂತ ಯಾರೂ ಕೇಳುವುದಿಲ್ಲ. ನನಗೆ ಅದು ಸುಸ್ತು.

ನನ್ನ ಮನಸ್ಸು ಕಂಟ್ರಿ ಕಡೆ. ಎರಡರ ಬೇರೂ ಒಂದೇ, ಗುಡ್ಡಗಾಡಿನ ಹಾಡುಗಳು, ಚರ್ಚಿನ ಹಾಡುಗಳು, ಕರಿಯರ ಬ್ಲೂಸ್. ಬ್ಲೂಗ್ರಾಸ್ ಆ ಬೇರಿನಿಂದ 40ರ ದಶಕದಲ್ಲಿ ಒಡೆದ ಒಂದು ಕೊಂಬೆ, ಕರೆಂಟಿನ ವಾದ್ಯ ಇಲ್ಲದೆ ತಂಡವಾಗಿ ನುಡಿಸುವುದನ್ನೇ ಹಿಡಿದುಕೊಂಡಿತು. ಕಂಟ್ರಿಯಲ್ಲಿ ಮುಖ್ಯವಾದದ್ದು ಹಾಡಿನ ಮಾತು. ಹ್ಯಾಂಕ್ ವಿಲಿಯಮ್ಸ್ ಕೇಳಿ. 1953ರ ಜನವರಿ 1ರಂದು ಕಾರಿನ ಹಿಂದಿನ ಸೀಟಿನಲ್ಲಿ ಸತ್ತಾಗ ಅವರಿಗೆ 29 ವರ್ಷ. ಅಷ್ಟರಲ್ಲಿ ಬರೆದಿಟ್ಟು ಹೋದದ್ದನ್ನು ಇಂದಿಗೂ ಹಾಡುತ್ತಾರೆ. ಇಂಗ್ಲಿಷ್ ಅಷ್ಟಾಗಿ ಬರದವರಿಗೂ ತಿಳಿಯುವ ಮಾತುಗಳು. ಒಂಟಿತನ ಅಂದರೆ ಒಂಟಿತನ, ಬಿಟ್ಟು ಹೋದಳು ಅಂದರೆ ಬಿಟ್ಟು ಹೋದಳು. ಹಿಂದೆ ಸ್ಟೀಲ್ ಗಿಟಾರ್ ಅಳುತ್ತಿರುತ್ತದೆ, ಆದರೆ ಧ್ವನಿಯನ್ನು ಒಮ್ಮೆಯೂ ಮುಚ್ಚುವುದಿಲ್ಲ.

ಜಾನಿ ಕ್ಯಾಶ್ ಕೂಡ ಹಾಗೇ. ಮೊದಮೊದಲು ಅವರ ಜೊತೆ ಒಂದು ಎಲೆಕ್ಟ್ರಿಕ್ ಗಿಟಾರ್, ಒಂದು ಬಾಸ್ ಅಷ್ಟೇ. ಡ್ರಮ್ ಇಲ್ಲದ್ದಕ್ಕೆ ತಮ್ಮ ಗಿಟಾರಿನ ತಂತಿಗಳ ನಡುವೆ ಕಾಗದದ ತುಂಡು ಸಿಕ್ಕಿಸಿ ಬಾರಿಸಿದರು. ಆ ಚರಚರ ಸದ್ದೇ ಅವರ ಡ್ರಮ್. 1968ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಫೋಲ್ಸಮ್ ಜೈಲಿನೊಳಗೆ ಕೈದಿಗಳ ಮುಂದೆ ಹಾಡಿದ್ದು ಆಲ್ಬಮ್ ಆಗಿದೆ. ಅದರಲ್ಲಿ ಒಂದೂ ಕಷ್ಟದ ಸ್ವರ ಇಲ್ಲ. ಆದರೆ ಎದುರಿಗೆ ಕೂತವರು ಯಾರು, ಅವರಿಗೆ ಯಾವ ಮಾತು ಎಲ್ಲಿ ತಾಗುತ್ತದೆ ಅಂತ ಅವರಿಗೆ ಗೊತ್ತಿತ್ತು. ನನ್ನ ಲೆಕ್ಕದಲ್ಲಿ ಕಲಾವಿದ ಅಂದರೆ ಅದು.

ಕೊಪ್ಪದ ಪಿಟೀಲು

ಹಳೇಸೇತುವೆ ಅಣ್ಣ, ನೀವು ಹೇಳಿದ ಸುಸ್ತು ನನಗೂ ಗೊತ್ತು. ಆದರೆ ವೇಗ ಇರುವುದೇ ತಪ್ಪಲ್ಲ. ವೇಗದಲ್ಲಿ ಪ್ರತಿ ಸ್ವರ ಬಿಡಿಬಿಡಿಯಾಗಿ ಕೇಳುತ್ತಿದೆಯಾ, ಹಾಡಿನ ಧಾಟಿ ಅದರೊಳಗೆ ಉಳಿದಿದೆಯಾ ಅನ್ನುವುದು ಪ್ರಶ್ನೆ. ಇದಕ್ಕೆ ಡಾಕ್ ವಾಟ್ಸನ್ ಅವರಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಕೂಸಾಗಿದ್ದಾಗಲೇ ಕಣ್ಣು ಹೋಯಿತು. ಉತ್ತರ ಕೆರೊಲಿನಾದ ಡೀಪ್ ಗ್ಯಾಪ್ ಅನ್ನುವ ಗುಡ್ಡದ ಊರಿನವರು, ಕೊನೆಯವರೆಗೂ ಅಲ್ಲೇ ಇದ್ದರು, 2012ರಲ್ಲಿ ತೀರಿಕೊಂಡರು. ಒಂದು ಡ್ಯಾನ್ಸ್ ಬ್ಯಾಂಡಿನಲ್ಲಿ ನುಡಿಸುತ್ತಿದ್ದಾಗ ಅದರಲ್ಲಿ ಪಿಟೀಲಿನವರು ಇರಲಿಲ್ಲ, ಜನಕ್ಕೆ ಕುಣಿಯಲು ಪಿಟೀಲಿನ ಧಾಟಿಗಳೇ ಬೇಕು. ಅವನ್ನು ಗಿಟಾರಿನಲ್ಲೇ ನುಡಿಸಲು ಕಲಿತರು. ಇವತ್ತು ಬ್ಲೂಗ್ರಾಸ್‌ನಲ್ಲಿ ಗಿಟಾರ್ ಮುಂದೆ ಬಂದು ಸೋಲೋ ನುಡಿಸುವುದಕ್ಕೆ ಅವರು ಒಂದು ದೊಡ್ಡ ಕಾರಣ. ಅದಕ್ಕೆ ಮೊದಲು ಗಿಟಾರ್ ಹೆಚ್ಚಾಗಿ ಹಿಂದೆ ನಿಂತು ತಾಳ ಹಿಡಿಯುವ ವಾದ್ಯ. ಡಾಕ್ ಎಷ್ಟು ಬೇಗ ನುಡಿಸಿದರೂ ಮಾತಾಡಿದಷ್ಟೇ ಸರಾಗ, ಅವಸರ ಅನ್ನುವುದೇ ಇಲ್ಲ.

ಆಮೇಲೆ ಟೋನಿ ರೈಸ್. 90ರ ದಶಕದಲ್ಲಿ ಅವರ ಕಂಠ ಹೋಯಿತು, ಅಂಥ ಹಾಡುಗಾರ ಮತ್ತೆ ಹಾಡಲಿಲ್ಲ, ಗಿಟಾರ್ ಮಾತ್ರ ನುಡಿಸಿದರು. 2020ರಲ್ಲಿ ತೀರಿಕೊಂಡರು. ಅವರು ಸೋಲೋ ನುಡಿಸುವುದಕ್ಕಿಂತ ಬೇರೆಯವರಿಗೆ ಜೊತೆ ಕೊಡುವುದನ್ನು ಕೇಳಿ ಅಂತ ನಾನು ಹೇಳುತ್ತೇನೆ. ಹಾಡಿನ ಸಾಲು ಮುಗಿಯುವಲ್ಲಿ ಉಳಿಯುವ ಸಣ್ಣ ಜಾಗದಲ್ಲಿ ಏನೋ ಒಂದು ಇಟ್ಟು ಹೋಗುತ್ತಾರೆ, ಅದು ಹಾಡುವವರನ್ನು ಮುಂದಿನ ಸಾಲಿಗೆ ಕೈಹಿಡಿದು ಕರೆದುಕೊಂಡು ಹೋಗುತ್ತದೆ.

ಪಿಟೀಲಿನಲ್ಲಿ ಕೆನ್ನಿ ಬೇಕರ್. ಮನ್ರೋ ಜೊತೆ ಬಹಳ ವರ್ಷ ನುಡಿಸಿದವರು, ಕಲ್ಲಿದ್ದಲು ಗಣಿಯಲ್ಲೂ ಕೆಲಸ ಮಾಡಿದವರು. ನಾನು ಕರ್ನಾಟಕ ಸಂಗೀತದ ಪಿಟೀಲು ಕಲಿತವನು, ನಮ್ಮಲ್ಲಿ ಎಡಗೈ ಜಾರಿಸುವುದರಲ್ಲೇ ಪ್ರಾಣ ಇದೆ. ಬೇಕರ್ ಕೇಳಿದ ಮೇಲೆ ಬಲಗೈಯಲ್ಲಿ ಎಷ್ಟು ಇದೆ ಅಂತ ತಿಳಿಯಿತು. ಕಮಾನು ಉದ್ದಕ್ಕೆ ಎಳೆಯುತ್ತಾರೆ, ಒಂದೇ ಎಳೆತದಲ್ಲಿ ಎಷ್ಟೋ ಸ್ವರ. ಎರಡು ತಂತಿ ಒಟ್ಟಿಗೆ ಸೇರಿಸಿ ನುಡಿಸುವಾಗಲೂ ಕರಕರ ಇಲ್ಲ.

ಹಳೆಯ ಧಾಟಿಗಳಲ್ಲಿ ಎಷ್ಟೋ ಐದೇ ಸ್ವರದವು, ನಮ್ಮ ಮೋಹನದ ಸ್ವರಗಳು. ತೋಟದಮನೆಯವರಿಗೆ ಮೊದಲ ಸಲವೇ ಹತ್ತಿರ ಅನ್ನಿಸಿದ್ದಕ್ಕೆ ಇದೂ ಒಂದು ಕಾರಣ ಇರಬೇಕು.

ಸಾಗರದ ಟೀಚರ್

ಇಷ್ಟು ಹೊತ್ತು ಗಂಡಸರ ಹೆಸರೇ ಬಂತಲ್ಲ, ನಾನು ಸ್ವಲ್ಪ ಹೇಳುತ್ತೇನೆ.

1927ರ ಬೇಸಿಗೆಯಲ್ಲಿ ಟೆನೆಸೀ ಮತ್ತು ವರ್ಜೀನಿಯಾ ಗಡಿಯ ಬ್ರಿಸ್ಟಲ್ ಊರಿಗೆ ರಾಲ್ಫ್ ಪೀರ್ ಅನ್ನುವವರು ರೆಕಾರ್ಡಿಂಗ್ ಯಂತ್ರ ತಂದು ಸ್ಥಳೀಯ ಹಾಡುಗಾರರನ್ನು ಕರೆದರು. ಗುಡ್ಡದ ಕಡೆಯಿಂದ ಕಾರ್ಟರ್ ಮನೆಯವರು ಬಂದರು. ಎ.ಪಿ. ಕಾರ್ಟರ್, ಅವರ ಹೆಂಡತಿ ಸಾರಾ, ಮತ್ತು ಸಾರಾ ಅವರ ಸೋದರಸಂಬಂಧಿ ಮೇಬೆಲ್. ಮೇಬೆಲ್‌ಗೆ ಆಗ 18 ವರ್ಷ, ತುಂಬು ಬಸುರಿ. ಕಂಟ್ರಿ ಸಂಗೀತದ ಚರಿತ್ರೆ ಬರೆಯುವವರು ಅಲ್ಲಿಂದಲೇ ಶುರು ಮಾಡುತ್ತಾರೆ.

ಮೇಬೆಲ್ ಅವರ ಬಲಗೈ ನೋಡಿ. ಹೆಬ್ಬೆರಳು ಕೆಳಸ್ಥಾಯಿಯ ದಪ್ಪ ತಂತಿಗಳ ಮೇಲೆ ಹಾಡಿನ ಧಾಟಿ ನುಡಿಸುತ್ತದೆ, ಅದೇ ಹೊತ್ತಿಗೆ ತೋರುಬೆರಳು ಸಣ್ಣ ತಂತಿಗಳನ್ನು ಮೇಲೆ ಕೆಳಗೆ ಸವರಿ ತಾಳ ಹಿಡಿಯುತ್ತದೆ. ಒಂದು ಗಿಟಾರ್, ಎರಡು ಕೆಲಸ. ಅವರ ನಂತರ ಗಿಟಾರ್ ಹಿಡಿದ ಎಷ್ಟು ಜನ ಈ ರೀತಿ ಕಲಿತೇ ಮುಂದೆ ಹೋದರೋ ಲೆಕ್ಕವಿಲ್ಲ. ಆದರೆ ಕೇಳುವಾಗ ಗಿಟಾರ್ ಮುಂದೆ ಬಂದು ನಿಲ್ಲುವುದಿಲ್ಲ, ಸಾರಾ ಅವರ ಧ್ವನಿಯ ಕೆಳಗೇ ಇರುತ್ತದೆ. ಪಿಟೀಲಿನವರು ಹೇಳಿದ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ?

ಲೊರೆಟಾ ಲಿನ್ ಕೇಳಿ. ಕೆಂಟಕಿಯ ಗಣಿ ಕಾರ್ಮಿಕರ ಮಗಳು, 2022ರಲ್ಲಿ ತೀರಿಕೊಂಡರು. 1970ರಲ್ಲಿ ತನ್ನ ಬಾಲ್ಯವನ್ನೇ ಹಾಡು ಮಾಡಿದರು. ಬಡತನವನ್ನು ಅವರು ಅಯ್ಯೋ ಪಾಪ ಅನ್ನಿಸುವ ಹಾಗೆ ಹಾಡುವುದಿಲ್ಲ, ಹೆಮ್ಮೆಯಿಂದ ಹಾಡುತ್ತಾರೆ. ಡಾಲಿ ಪಾರ್ಟನ್ ಟೆನೆಸೀ ಬೆಟ್ಟಗಳ ಕಡೆಯವರು, 12 ಮಕ್ಕಳ ಮನೆ. ಅಮ್ಮ ಚಿಂದಿ ಬಟ್ಟೆ ಕೂಡಿಸಿ ಹೊಲಿದುಕೊಟ್ಟ ಕೋಟಿನ ಬಗ್ಗೆ 1971ರಲ್ಲಿ ಒಂದು ಹಾಡು ಮಾಡಿದ್ದಾರೆ. ಆ ಕೋಟು ಹಾಕಿಕೊಂಡು ಶಾಲೆಗೆ ಹೋದ ಹುಡುಗಿಯನ್ನು ಉಳಿದ ಮಕ್ಕಳು ನೋಡಿ ನಗುತ್ತಾರೆ, ಯಾಕೆ ನಗುತ್ತಾರೆ ಅಂತ ಅವಳಿಗೆ ಅರ್ಥವೇ ಆಗುವುದಿಲ್ಲ. ನಾನು ದಿನಾ ಮಕ್ಕಳ ಮುಂದೆ ನಿಲ್ಲುವವಳು, ಆ ಸಾಲಿಗೆ ಬಂದಾಗ ನನಗೆ ತಡೆಯಲಾಗುವುದಿಲ್ಲ. ಡಾಲಿ ಅಂದರೆ ಬರೀ ಹೊಳೆಯುವ ಬಟ್ಟೆ, ದೊಡ್ಡ ಕೂದಲು ಅಂದುಕೊಂಡವರು ಅವರ 1999ರ ಬ್ಲೂಗ್ರಾಸ್ ಆಲ್ಬಮ್ ಕೇಳಬೇಕು.

ಹೇಝೆಲ್ ಡಿಕೆನ್ಸ್ ಅವರನ್ನು ಮಾತ್ರ ಮರೆಯಬೇಡಿ. ವೆಸ್ಟ್ ವರ್ಜೀನಿಯಾದ ಗಣಿ ಕುಟುಂಬದವರು. ಬ್ಲೂಗ್ರಾಸ್‌ನಲ್ಲಿ ಹೆಂಗಸರು ಮುಂದೆ ನಿಂತು ಹಾಡುವುದು ಅಪರೂಪವಾಗಿದ್ದ 60ರ ದಶಕದಲ್ಲಿ ಆಲಿಸ್ ಗೆರಾರ್ಡ್ ಜೊತೆ ಸೇರಿ ಹಾಡಿದರು. ಗಣಿಯಲ್ಲಿ ದುಡಿಯುವವರ ಪರವಾಗಿ, ಹೆಂಗಸರ ಪರವಾಗಿ ಬರೆದರು. ಧ್ವನಿ ನುಣುಪಿಲ್ಲ, ಗರಗಸದ ಹಾಗೆ ನೇರ. ಮೊದಲ ಸಲ ಕೇಳಿದಾಗ ಕಿವಿ ಹಿಂಜರಿಯಬಹುದು, ಬಿಡಬೇಡಿ. ಅವರನ್ನು ಕೇಳಿದ ಮೇಲೆ ಅಲಿಸನ್ ಕ್ರೌಸ್ ಕೇಳಿ, ಅದು ಪೂರ್ತಿ ಬೇರೆ, ಪಿಸುಮಾತಿನಷ್ಟು ಮೆತ್ತಗೆ. 27 ಗ್ರ್ಯಾಮಿ ಗೆದ್ದಿದ್ದಾರೆ, ಪಿಟೀಲನ್ನೂ ನುಡಿಸುತ್ತಾರೆ. ಈ ಎರಡೂ ಧ್ವನಿ ಒಂದೇ ಸಂಗೀತದೊಳಗೆ ಇವೆ. ಎಲ್ಲವೂ ಒಂದೇ ಥರ ಅನ್ನಿಸುವುದು ಆಮೇಲೆ ಸಾಧ್ಯವೇ ಇಲ್ಲ.

ನಗರದ ಮಳೆ, ಹೊಸನಗರ

ಮೇಲೆ ಯಾರೋ ಕರಿಯರ ಬ್ಲೂಸ್ ಅಂತ ಒಂದೇ ಮಾತಿನಲ್ಲಿ ದಾಟಿಬಿಟ್ಟರು. ಅಲ್ಲಿ ಸ್ವಲ್ಪ ನಿಲ್ಲಬೇಕು.

ಬ್ಯಾಂಜೋ ಬಂದದ್ದೇ ಆಫ್ರಿಕಾದಿಂದ. ಪಶ್ಚಿಮ ಆಫ್ರಿಕಾದಲ್ಲಿ ಸೋರೆ ಬುರುಡೆಗೆ ಚರ್ಮ ಬಿಗಿದು ಮಾಡುವ ತಂತಿ ವಾದ್ಯಗಳಿವೆ, ಅಕೊಂಟಿಂಗ್ ಅಂತ ಒಂದು ಇದೆ, ಅದರಲ್ಲೂ ಗಿಡ್ಡ ತಂತಿ ಇದೆ, ಅದನ್ನೂ ಹೆಬ್ಬೆರಳಲ್ಲೇ ಮೀಟುತ್ತಾರೆ. ಗುಲಾಮರಾಗಿ ಸಾಗಿಸಲ್ಪಟ್ಟ ಜನ ಆ ನೆನಪಿನಿಂದ ಕೆರಿಬಿಯನ್‌ನಲ್ಲಿ, ಅಮೆರಿಕದಲ್ಲಿ ಮತ್ತೆ ಮಾಡಿಕೊಂಡ ವಾದ್ಯವೇ ಬ್ಯಾಂಜೋ. ಬಿಲ್ ಮನ್ರೋ ಚಿಕ್ಕಂದಿನಲ್ಲಿ ಆರ್ನಾಲ್ಡ್ ಶುಲ್ಟ್ಸ್ ಅನ್ನುವ ಕರಿಯ ಗಿಟಾರ್ ವಾದಕರ ಜೊತೆ ಕುಣಿತದ ಕೂಟಗಳಲ್ಲಿ ನುಡಿಸಿದ್ದರು, ಅವರಿಂದ ಕಲಿತದ್ದನ್ನು ಮನ್ರೋ ಅವರೇ ಹೇಳಿಕೊಂಡಿದ್ದಾರೆ. ಎ.ಪಿ. ಕಾರ್ಟರ್ ಊರೂರು ಸುತ್ತಿ ಹಾಡು ಕೂಡಿಹಾಕುವಾಗ ಜೊತೆಗಿದ್ದು ಧಾಟಿಗಳನ್ನು ನೆನಪಿಟ್ಟುಕೊಳ್ಳುತ್ತಿದ್ದವರು ಲೆಸ್ಲಿ ರಿಡಲ್, ಅವರೂ ಕರಿಯರು. ಗ್ರ್ಯಾಂಡ್ ಓಲ್ ಆಪ್ರಿಯ ಮೊದಲ ದಿನಗಳಲ್ಲಿ ಅತಿ ಜನಪ್ರಿಯರಾಗಿದ್ದವರಲ್ಲಿ ಡಿಫೋರ್ಡ್ ಬೇಲಿ ಒಬ್ಬರು, ಹಾರ್ಮೋನಿಕಾದಲ್ಲಿ ರೈಲು ಓಡಿಸುತ್ತಿದ್ದರು. 1941ರಲ್ಲಿ ಅವರನ್ನು ಕೆಲಸದಿಂದ ತೆಗೆದರು, ಆಮೇಲೆ ಜೀವನಕ್ಕೆ ಬೂಟ್ ಪಾಲಿಶ್ ಅಂಗಡಿ ನಡೆಸಿದರು. ಇಷ್ಟು ಜನರ ಹೆಸರು ಎಷ್ಟೋ ವರ್ಷ ಹಿಂದೆಯೇ ಉಳಿಯಿತು. ನನಗೆ ಇದು ಸಿಟ್ಟು ಬರಿಸುವ ವಿಷಯ.

ಈಗ ರಿಯಾನನ್ ಗಿಡೆನ್ಸ್ ಅಂಥವರು ಅದನ್ನು ಮತ್ತೆ ಮುಂದಕ್ಕೆ ತರುತ್ತಿದ್ದಾರೆ. ಜೋ ಥಾಮ್ಸನ್ ಅನ್ನುವ ಹಿರಿಯ ಕರಿಯ ಪಿಟೀಲು ವಾದಕರ ಮನೆಗೆ ಹೋಗಿ, ಎದುರು ಕೂತು ಕಲಿತವರು. ಅವರ ತಂಡ ಕೆರೊಲಿನಾ ಚಾಕೊಲೇಟ್ ಡ್ರಾಪ್ಸ್ 2011ರಲ್ಲಿ ಗ್ರ್ಯಾಮಿ ಪಡೆಯಿತು. ಅವರ ಬ್ಯಾಂಜೋ ಸ್ಕ್ರಗ್ಸ್ ಥರ ಇರುವುದಿಲ್ಲ, ಅದಕ್ಕಿಂತ ಹಳೆಯ ರೀತಿ. ಉಗುರಿನಿಂದ ಕೆಳಮುಖವಾಗಿ ಹೊಡೆಯುವುದು. ಧ್ವನಿ ತಗ್ಗು, ಮರದ ಹಾಗೆ ದಪ್ಪ. ಮಳೆಗಾಲದಲ್ಲಿ ಕೇಳಲು ನನಗೆ ಅದೇ ಇಷ್ಟ.

ನಮ್ಮವರ ಸಂಬಂಧವೂ ಇದೆ. ಬ್ಯಾಂಜೋದ ಬೇಲಾ ಫ್ಲೆಕ್, ಬಾಸ್‌ನ ಎಡ್ಗರ್ ಮೇಯರ್, ಝಾಕಿರ್ ಹುಸೇನ್, ಕೊಳಲಿನ ರಾಕೇಶ್ ಚೌರಾಸಿಯಾ ಸೇರಿ 2023ರಲ್ಲಿ ಒಂದು ಆಲ್ಬಮ್ ಮಾಡಿದರು, ಮುಂದಿನ ವರ್ಷ ಅದಕ್ಕೆ ಎರಡು ಗ್ರ್ಯಾಮಿ ಬಂತು. ತೋಟದಮನೆಯವರೇ, ನಿಮ್ಮ ಚಿಕ್ಕಪ್ಪನ ಮಗನಿಗೆ ಅದನ್ನು ಕೇಳಿಸಿ. ಝಾಕಿರ್ ಭಾಯಿ ಬ್ಯಾಂಜೋಗೆ ಎಷ್ಟು ಜಾಗ ಬಿಟ್ಟು ನುಡಿಸುತ್ತಾರೆ ಅಂತ ಅವನಿಗೂ ಕೇಳುತ್ತದೆ.

ತೋಟದಮನೆ, ತೀರ್ಥಹಳ್ಳಿ

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟೆಲ್ಲ ಸಿಗುತ್ತದೆ ಅಂದುಕೊಂಡಿರಲಿಲ್ಲ. ನಮ್ಮ ಮನೆ ಹತ್ತಿರ ನೆಟ್‌ವರ್ಕ್ ಕಷ್ಟ, ಪೇಟೆಗೆ ಹೋದಾಗ ಡೌನ್‌ಲೋಡ್ ಮಾಡಿಕೊಂಡು ಬಂದು ಒಂದೊಂದೇ ಕೇಳುತ್ತಿದ್ದೇನೆ.

ತಕಿಟ ತಕಿಟ ತಕ ಹೇಳಿಕೊಂಡು ಸ್ಕ್ರಗ್ಸ್ ಕೇಳಿದೆ. ನೀವು ಹೇಳಿದ್ದು ನಿಜ, ಬ್ಯಾಂಜೋ ಈಗ ಅರ್ಥವಾಗುತ್ತಿದೆ. ಮ್ಯಾಂಡೊಲಿನ್ ಚಕ್ ಒಂದು ಸಲ ಕಿವಿಗೆ ಬಿದ್ದ ಮೇಲೆ ಬೇರೆ ಏನೂ ಕೇಳಿಸುತ್ತಲೇ ಇಲ್ಲ, ಅದೊಂದು ಕಷ್ಟ. ಮೇಬೆಲ್ ಅವರ ಹಾಡುಗಳನ್ನು ಅಮ್ಮನಿಗೂ ಕೇಳಿಸಿದೆ. ಅಮ್ಮ "ಇದು ನಮ್ಮ ಹಸೆಹಾಡಿನ ಥರ ನೇರವಾಗಿ ಇದೆ" ಅಂದರು.

ಇನ್ನೊಂದು ಕೇಳಬೇಕು. ಇಬ್ಬರು ಮೂವರು ಸೇರಿ ಹಾಡುವಾಗ ಏನಾಗುತ್ತಿದೆ ಅಂತ ತಿಳಿಯುತ್ತಿಲ್ಲ. ಧ್ವನಿ ದಪ್ಪವಾಯಿತು ಅಂತ ಮಾತ್ರ ಗೊತ್ತಾಗುತ್ತದೆ. ಯಾರು ಯಾವ ಸ್ವರ ಹಾಡುತ್ತಿದ್ದಾರೆ ಅಂತ ಬೇರೆ ಮಾಡುವುದು ಹೇಗೆ?

ಕೊಪ್ಪದ ಪಿಟೀಲು

ನಮ್ಮ ಸಂಗೀತದಲ್ಲಿ ಎಲ್ಲರೂ ಒಂದೇ ಧಾಟಿಯಲ್ಲಿ ಹಾಡುತ್ತೇವೆ, ಆದ್ದರಿಂದ ನಮ್ಮ ಕಿವಿ ಎರಡು ದಾರಿಯಲ್ಲಿ ಹೋಗಲು ಅಭ್ಯಾಸವಾಗಿಲ್ಲ. ಅದಕ್ಕೆ ಒಂದು ಉಪಾಯ ಇದೆ. ಹಾಡಿನ ಮೂಲ ಧಾಟಿಯನ್ನು ಮೊದಲು ನೀವೇ ಚೆನ್ನಾಗಿ ಗುನುಗಲು ಕಲಿಯಿರಿ. ಆಮೇಲೆ ಹಾಡು ಹಾಕಿ, ಅದರ ಜೊತೆ ಸಣ್ಣಗೆ ಗುನುಗಿ. ನಿಮ್ಮ ಧ್ವನಿಗೆ ಹೊಂದಿದ್ದು ಅದರಲ್ಲಿ ಕರಗಿ ಹೋಗುತ್ತದೆ, ಉಳಿದದ್ದು ಬೇರೆಯಾಗಿ ಮೇಲೆ ತೇಲುತ್ತದೆ. ಸಾಮಾನ್ಯವಾಗಿ ಮೂಲ ಧಾಟಿಯ ಮೇಲಿರುವುದನ್ನು ಟೆನರ್ ಅನ್ನುತ್ತಾರೆ, ಕೆಳಗಿರುವುದನ್ನು ಬ್ಯಾರಿಟೋನ್.

ಸ್ಟ್ಯಾನ್ಲಿ ಸಹೋದರರಿಂದ ಶುರು ಮಾಡಿ, ಇಬ್ಬರೇ ಇದ್ದರೆ ಸುಲಭ. ವರ್ಜೀನಿಯಾದ ಗುಡ್ಡದವರು. ಅಣ್ಣ ಕಾರ್ಟರ್ ಸ್ಟ್ಯಾನ್ಲಿ ಮೂಲ ಧಾಟಿ, ತಮ್ಮ ರಾಲ್ಫ್ ಮೇಲಿನದು. ಅಣ್ಣ 1966ರಲ್ಲೇ ಹೋದರು, ರಾಲ್ಫ್ 2016ರವರೆಗೆ ಇದ್ದರು. ವಯಸ್ಸಾದ ಮೇಲೆ, 2000ದಲ್ಲಿ ಬಂದ ಒಂದು ಸಿನಿಮಾಗೆ ಅವರು ಯಾವ ವಾದ್ಯವೂ ಇಲ್ಲದೆ ಒಂದು ಹಾಡು ಹಾಡಿದ್ದಾರೆ, ಸಾವನ್ನು ಇನ್ನೊಂದು ವರ್ಷ ಬಿಟ್ಟು ಹೋಗು ಅಂತ ಬೇಡುವ ಹಾಡು. ಅದಕ್ಕೆ ಗ್ರ್ಯಾಮಿ ಬಂದಾಗ ಅವರಿಗೆ 75. ತಮ್ಮ ತಂಡ ಪೂರ್ತಿ ಇಲ್ಲದಾಗಲೂ ಆ ಮನುಷ್ಯ ಎಲ್ಲಿ ನಿಲ್ಲಿಸಬೇಕು ಅಂತ ಹೇಗೆ ತಿಳಿದಿದ್ದರು ನೋಡಿ. ಸಾಲು ಸಾಲಿನ ಮಧ್ಯೆ ಬಿಡುವ ಮೌನವೂ ಲಯದಲ್ಲೇ ಇದೆ.

ಇನ್ನು ಒಂದು ಆಲ್ಬಮ್ ಹೇಳಿ ಮುಗಿಸುತ್ತೇನೆ. ನಿಟ್ಟಿ ಗ್ರಿಟ್ಟಿ ಡರ್ಟ್ ಬ್ಯಾಂಡ್ ಅನ್ನುವ ಉದ್ದ ಕೂದಲಿನ ಹುಡುಗರು 1971ರಲ್ಲಿ ನ್ಯಾಶ್‌ವಿಲ್‌ಗೆ ಹೋಗಿ ಹಿರಿಯರನ್ನು ಒಟ್ಟು ಸೇರಿಸಿ ಮಾಡಿದ್ದು, 1972ರಲ್ಲಿ ಬಂತು. ಮೇಬೆಲ್ ಕಾರ್ಟರ್, ಡಾಕ್ ವಾಟ್ಸನ್, ಅರ್ಲ್ ಸ್ಕ್ರಗ್ಸ್, ಮರ್ಲ್ ಟ್ರ್ಯಾವಿಸ್ ಎಲ್ಲರೂ ಇದ್ದಾರೆ. ಹಾಡುಗಳ ನಡುವೆ ಅವರು ಮಾತಾಡಿಕೊಂಡದ್ದನ್ನೂ ಹಾಗೇ ಬಿಟ್ಟಿದ್ದಾರೆ. ಡಾಕ್ ವಾಟ್ಸನ್ ತಮ್ಮ ಮಗನಿಗೆ ಮರ್ಲ್ ಅಂತ ಹೆಸರಿಟ್ಟದ್ದು ಈ ಟ್ರ್ಯಾವಿಸ್ ಮೇಲಿನ ಅಭಿಮಾನದಿಂದ, ಆದರೆ ಇಬ್ಬರೂ ಮೊದಲ ಸಲ ಭೇಟಿಯಾದದ್ದು ಇದೇ ರೆಕಾರ್ಡಿಂಗ್‌ನಲ್ಲಿ. ಆ ಭೇಟಿಯ ಮಾತು ಆಲ್ಬಮ್‌ನಲ್ಲೇ ಇದೆ. ಹೆಡ್‌ಫೋನ್ ಹಾಕಿ ಕೇಳಿ, ಫೋನಿನ ಸ್ಪೀಕರಿನಲ್ಲಿ ಬಾಸ್ ಕೇಳುವುದೇ ಇಲ್ಲ.

ಹಳೇಸೇತುವೆ, ಭದ್ರಾವತಿ

ಆ ಆಲ್ಬಮ್‌ಗೆ ನನ್ನದೂ ಒಂದು ವೋಟು. ಬಾಸ್ ವಿಷಯ ಬಂದದ್ದಕ್ಕೆ ಹೇಳುತ್ತೇನೆ, ನನ್ನ ಹತ್ತಿರ ಹಳೆಯ ದೊಡ್ಡ ಸ್ಪೀಕರ್ ಜೋಡಿ ಇದೆ. ಶಿವಮೊಗ್ಗದಲ್ಲಿ ಯಾರಾದರೂ ಮನೆ ಕೊಡುವುದಾದರೆ ಒಂದು ಭಾನುವಾರ ತರುತ್ತೇನೆ. ಟೀಚರ್, ನೀವು ಹೇಝೆಲ್ ಡಿಕೆನ್ಸ್ ತನ್ನಿ, ಹೊಸನಗರದವರು ಗಿಡೆನ್ಸ್ ತರಲಿ. ತೋಟದಮನೆಯವರು ಚಿಕ್ಕಪ್ಪನ ಮಗನನ್ನು ಕರೆದುಕೊಂಡು ಬರಬೇಕು, ಅವನ ಹತ್ತಿರ ನಾನೂ ಸ್ವಲ್ಪ ಮಾತಾಡುವುದಿದೆ.